ನಲವತ್ತೊಂದನೆಯ ನಂಬರಿನ ಕೆಂಪು ಕುರ್ಚಿ

ಸರಕಾರದ ದಾಖಲೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ವಸಾಹತು ಕಾಲದ ಕಲಾಕೃತಿ ಎಂದು ನಮೂದಿಸಿದವಳು ನಾನು. ಯಾರೂ ಒತ್ತಾಯ ಮಾಡಿರಲಿಲ್ಲ, ಸಿಟ್ಟಿನಲ್ಲಿ ಮಾಡಿದ್ದು. ನನ್ನ ಸಿಟ್ಟಿನ ಬಗ್ಗೆ ನಮ್ಮ ಮನೆಯಲ್ಲಿ ಕೇಳಿದರೆ ಬೇಕಾದಷ್ಟು ಹೇಳುತ್ತಾರೆ. ಆದರೆ ಈ ಒಂದು ಸಲದ ಸಿಟ್ಟಿನಿಂದ ಒಳ್ಳೆಯದೇ ಆಯಿತು ಎಂದು ನಾನು ಈಗಲೂ ವಾದ ಮಾಡುತ್ತೇನೆ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಡಿಗ್ರಿ ಮುಗಿಸಿ, ಬಿ.ಸಿ.ರೋಡಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು, ಬಂಟ್ವಾಳದ ಮನೆಯಲ್ಲಿ ಅಮ್ಮನ ಜತೆ ದಿನಕ್ಕೆರಡು ಸಲ ಜಗಳ ಮಾಡಿಕೊಂಡು ಕೂತಿದ್ದೆ. ಆಗ ಮೂಡುಬಿದಿರೆಯಲ್ಲಿ ಒಂದು ಕೆಲಸ ಉಂಟೆಂದು ಗೊತ್ತಾಯಿತು. ಅಲ್ಲಿ ಮುಚ್ಚಿಹೋದ ಅಕ್ಕಿ ಗಿರಣಿಯ ಗೋದಾಮಿನಲ್ಲಿ ಒಂದು ಚಿಕ್ಕ ವಸ್ತುಸಂಗ್ರಹಾಲಯ ಇತ್ತು. ಬೆಂಗಳೂರಿನ ಒಂದು ಕಚೇರಿ ಊರೂರಿನ ಇಂಥ ಸಂಗ್ರಹಗಳ ಫೋಟೋ ತೆಗೆಸಿ, ವಿವರ ಬರೆಸಿ, ಕಂಪ್ಯೂಟರಿಗೆ ಹಾಕಿಸುತ್ತಿತ್ತು. ಕ್ಯಾಮೆರಾ, ಕಂಪ್ಯೂಟರ್ ಅವರದ್ದು. ಕಣ್ಣು, ಕೈ ನನ್ನದು. ಸಿದ್ದಕಟ್ಟೆಯ ಮೇಲೆ ಹೋಗುವ ಬಸ್ಸಿನಲ್ಲಿ ದಿನಾ ಹೋಗಿ ಬಂದರೆ ಆಯಿತು.

ಸಂಗ್ರಹ ಕಟ್ಟಿದವರು ಒಬ್ಬ ನಿವೃತ್ತ ಡ್ರಾಯಿಂಗ್ ಮಾಷ್ಟ್ರು. ಮದುವೆಯಾಗಿರಲಿಲ್ಲ. ಇಪ್ಪತ್ತು ವರ್ಷ ಕೊಡೆ ಹಿಡಿದುಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆ ಮನೆ ತಿರುಗಿದ್ದರು. ಗಲ್ಫಿನ ದುಡ್ಡಿನಲ್ಲಿ ಹಳೆ ಮನೆ ಒಡೆದು ಟೆರೇಸು ಕಟ್ಟಿಸುವ ಕಾಲ ಅದು. ಕೆತ್ತನೆಯ ಬಾಗಿಲು, ಕಂಚಿನ ದೀಪ, ಬಣ್ಣದ ಪೆಟ್ಟಿಗೆ ಎಲ್ಲ ಗುಜರಿಯವನ ತಕ್ಕಡಿಗೆ ಹೋಗುತ್ತಿತ್ತು. ಮಾಷ್ಟ್ರು ಅಂಗಳದಲ್ಲಿ ನಿಂತು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. "ಗುಜರಿಗೆ ಹಾಕ್ಬೇಡಿ. ನನ್ನ ಹತ್ತಿರ ಇರಲಿ. ನಿಮಗೆ ಬೇಕಾದಾಗ ಬಂದು ಕೊಂಡುಹೋಗಿ."

ಜನ ಆ ಮಾತನ್ನು ನಂಬಿದರು. ನಂಬಿದ್ದು ಮಾತ್ರ ಅಲ್ಲ, ನಿಜವಾಗಿಯೂ ಬಂದು ಕೊಂಡುಹೋದರು!

ನನಗೆ ಇದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಎರಡನೇ ವಾರ. ನಲವತ್ತು ವಸ್ತುಗಳ ಫೋಟೋ ಮುಗಿಸಿ ನಲವತ್ತೊಂದಕ್ಕೆ ಬಂದಿದ್ದೆ. ಗೋಡೆಯ ಚೀಟಿಯಲ್ಲಿ ಮಾಷ್ಟ್ರ ಮುತ್ತಿನಂಥ ಅಕ್ಷರ: ಬೀಟೆ ಮರದ ತೊಟ್ಟಿಲು, ನಾಲ್ಕು ಮೂಲೆಗೆ ಗಿಳಿ, ಅರಗಿನ ಬಣ್ಣ, ಹಿತ್ತಾಳೆಯ ಸರಪಳಿ, ಶಿರ್ತಾಡಿಯ ಮನೆಯದ್ದು. ಚೀಟಿಯ ಕೆಳಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ.

"ಇದೆಂತ ಮಾಷ್ಟ್ರೇ?"

"ಕುರ್ಚಿ."

"ಕುರ್ಚಿ ಅಂತ ನನಗೂ ಕಾಣ್ತದೆ. ತೊಟ್ಟಿಲು ಎಲ್ಲಿ?"

"ಹೋಗಿದೆ, ಬರ್ತದೆ."

ಶಿರ್ತಾಡಿಯ ಆ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವನ್ನೂ ಮೊದಲು ಮಲಗಿಸುವುದು ಆ ತೊಟ್ಟಿಲಿನಲ್ಲೇ. ಮನೆಯ ದೊಡ್ಡ ಮೊಮ್ಮಗಳಿಗೆ ಗಂಡು ಮಗುವಾಗಿತ್ತು, ಹಾಗಾಗಿ ಅಜ್ಜಿ ಪಿಕಪ್ ಮಾಡಿಸಿಕೊಂಡು ಬಂದು ತೊಟ್ಟಿಲು ಕೊಂಡುಹೋಗಿದ್ದರು. ಹೋಗುವಾಗ ಜಾಗ ಖಾಲಿ ಬಿಡಬಾರದು ಎಂದು ತಾವು ಕೂತುಕೊಳ್ಳುವ ಕುರ್ಚಿಯನ್ನು ಇಟ್ಟುಹೋಗಿದ್ದರು. ದೀಪ ಇದ್ದ ಜಾಗ, ತೊಟ್ಟಿಲು ಇದ್ದ ಜಾಗ ಬರಿದಾಗಿ ಇರಬಾರದು ಎಂಬುದು ಆ ಮನೆಗಳ ಪದ್ಧತಿ. ತೆಗೆದದ್ದು ಎಷ್ಟು ಬೇಕಾದದ್ದೋ, ಇಡುವುದೂ ಅಷ್ಟೇ ಬೇಕಾದದ್ದಾಗಿರಬೇಕು. ಮುಂಡಾಜೆಯ ಮನೆಯವರು ತೂಗುದೀಪ ಒಯ್ದು ಐದು ಲೀಟರಿನ ಕುಕ್ಕರ್ ಇಟ್ಟಿದ್ದರು. ಪಾಣೆಮಂಗಳೂರಿನ ಜವಳಿ ಅಂಗಡಿಯ ಬ್ಯಾರಿಗಳ ಮನೆಯಿಂದ ಬಂದ ಮದುಮಗಳ ಪೆಟ್ಟಿಗೆ ಮಗಳ ಮದುವೆಗೆ ಹೋಗಿತ್ತು. ಅದರ ಜಾಗದಲ್ಲಿ ಒಂದು ದೊಡ್ಡ ಸೂಟ್‌ಕೇಸು, ಹಿಡಿಯಲ್ಲಿ ದಮ್ಮಾಮಿನ ವಿಮಾನದ ಚೀಟಿ ಇನ್ನೂ ನೇತಾಡುತ್ತಿತ್ತು.

ನನಗೆ ಮಂಡೆ ಬಿಸಿಯಾಯಿತು. ಯಾಕೆಂದರೆ ಬೆಂಗಳೂರಿನವರು ಕಳಿಸಿದ ಪ್ರೋಗ್ರಾಮು ಒಂದು ನಂಬರನ್ನು ತುಂಬಿಸದೆ ಮುಂದಿನ ನಂಬರಿಗೆ ಬಿಡುತ್ತಿರಲಿಲ್ಲ. ಫೋಟೋ ಬೇಕೇ ಬೇಕು. 'ಸ್ಥಿತಿ' ಎಂಬಲ್ಲಿ ಮೂರೇ ಆಯ್ಕೆ: ಇದೆ, ಕಳವಾಗಿದೆ, ನಾಶವಾಗಿದೆ. ಮಾಷ್ಟ್ರನ್ನು ಕರೆದು ಪರದೆ ತೋರಿಸಿದೆ.

ಅವರು ಕನ್ನಡಕ ಮೇಲೆ ಮಾಡಿ ಸುಮಾರು ಹೊತ್ತು ನೋಡಿದರು. "ಇದರಲ್ಲಿ 'ಹೋಗಿದೆ, ಬರ್ತದೆ' ಅಂತ ಒಂದು ಹಾಕು."

"ಹಾಕ್ಲಿಕ್ಕೆ ಆಗುದಿಲ್ಲ ಮಾಷ್ಟ್ರೇ. ಮೂರೇ ಇರುದು."

"ಮನುಷ್ಯರಿಗೆ ಮೂರೇ ಸ್ಥಿತಿ ಉಂಟಾ? ನೀನು ಸಂಜೆ ಮನೆಗೆ ಹೋದ ಮೇಲೆ ನೀನು ಕಳವಾ, ನಾಶವಾ?"

"ನಾನು ವಸ್ತು ಅಲ್ಲ!"

"ಅದಕ್ಕೇ ಇಷ್ಟು ಮಾತಾಡುದು," ಎಂದು ಅವರು ಚಾ ಕುಡಿಯಲು ಹೋದರು.

ಬೆಂಗಳೂರಿನ ಸೂಚನೆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಸ್ಥಳದಲ್ಲಿ ಇರುವುದನ್ನು ಇರುವ ಹಾಗೆ ದಾಖಲಿಸಿ, ಸ್ವಂತ ಅಭಿಪ್ರಾಯ ಬೇಡ. ಹೌದಾ? ಹಾಗಾದರೆ ಆಗಲಿ. ಕರಿ ಬಟ್ಟೆ ಹಿಂದೆ ಕಟ್ಟಿ, ಅಳತೆಪಟ್ಟಿ ಮುಂದಿಟ್ಟು, ಕುರ್ಚಿಯ ಎದುರು, ಹಿಂದೆ, ಎಡ, ಬಲ ಫೋಟೋ ತೆಗೆದೆ. ವಸ್ತು: ಕುರ್ಚಿ. ಸಾಮಗ್ರಿ ಎಂಬಲ್ಲಿ ಮರ, ಲೋಹ, ಕಲ್ಲು, ದಂತ ಎಲ್ಲ ಇತ್ತು, ಪ್ಲಾಸ್ಟಿಕ್ ಇರಲಿಲ್ಲ. 'ಇತರ' ಎಂದು ಒತ್ತಿದೆ. ಕಾಲ ಎಂಬಲ್ಲಿ ಪ್ರಾಚೀನ, ಮಧ್ಯಕಾಲೀನ, ವಸಾಹತು ಎಂದು ಇತ್ತು; ಇದ್ದುದರಲ್ಲಿ ಹತ್ತಿರದ್ದನ್ನು ಒತ್ತಿದೆ. ಕುಕ್ಕರಿಗೂ ಸೂಟ್‌ಕೇಸಿಗೂ ಇದೇ ಮರ್ಯಾದೆ ಆಯಿತು. ತೊಟ್ಟಿಲು ಬಂದ ಮೇಲೆ ಸರಿ ಮಾಡಿದರಾಯಿತು ಎಂದು ಎಣಿಸಿ, ಮೊದಲ ಐವತ್ತು ನಂಬರಿಗೆ 'ಅಂತಿಮ' ಎಂಬ ಗುಂಡಿ ಒತ್ತಿ, ಸಿಡಿ ಮಾಡಿ ಅಂಚೆಗೆ ಹಾಕಿದೆ. ಕಂಪ್ಯೂಟರಿನಲ್ಲಿ ಯಾವುದನ್ನೂ ಹಿಂದೆ ಮಾಡಬಹುದು ಎಂದು ನನಗೆ ಕಲಿಸಿದ್ದರು. 'ಅಂತಿಮ' ಒತ್ತಿದ ಮೇಲೆ ಆಗುವುದಿಲ್ಲ ಎಂಬುದನ್ನು ಕಲಿಸಿರಲಿಲ್ಲ. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕತೆ.

ಒಂದು ತಿಂಗಳಲ್ಲಿ ಬೆಂಗಳೂರಿನಿಂದ ಕಾಗದ ಬಂತು. ದಾಖಲೆಯಾದ ವಸ್ತುಗಳನ್ನು ನೋಡಲು ಅಧಿಕಾರಿಯೊಬ್ಬರು ಬರುತ್ತಾರೆ. ಪ್ರತಿಯೊಂದಕ್ಕೂ ಮುದ್ರೆ ಹಾಕುತ್ತಾರೆ. ಆಮೇಲೆ ಯಾವ ವಸ್ತುವೂ ಗೋದಾಮಿನ ಹೊಸಿಲು ದಾಟುವಂತಿಲ್ಲ. ದಾಟಿದರೆ ಅಥವಾ ಕಾಣದಿದ್ದರೆ ಮಾಷ್ಟ್ರೇ ಜವಾಬ್ದಾರಿ.

ಮಾಷ್ಟ್ರು ಕಾಗದವನ್ನು ಎರಡು ಸಲ ಓದಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟರು. ಆ ದಿನ ಚಾ ಕುಡಿಯಲು ಹೋಗಲಿಲ್ಲ. "ಪಟ್ಟಿ ನಿನ್ನದು ಮಗಾ, ಮಾತು ನನ್ನದಲ್ವಾ," ಎಂದರು. "ಇಷ್ಟು ಮನೆಗೆ ಮಾತು ಕೊಟ್ಟಿದ್ದೇನೆ. ಇನ್ನು ಯಾವ ಮುಖ ಇಟ್ಟು ಬಾಗಿಲು ಹಾಕಿಕೊಳ್ಳುದು?"

ಅದೇ ವಾರ ಶಿರ್ತಾಡಿಯ ಅಜ್ಜಿ ತೊಟ್ಟಿಲು ಹಿಂದೆ ತಂದುಕೊಟ್ಟು ಕುರ್ಚಿ ಕೊಂಡುಹೋಗಲು ಬಂದರು. ತೊಟ್ಟಿಲನ್ನು ನಾನು ಮೊದಲು ನೋಡಿದ್ದು ಆಗ. ಗಿಳಿಗಳ ಕೊಕ್ಕಿನ ಕೆಂಪು ಅರಗು ಮಕ್ಕಳ ಕೈ ತಾಗಿ ತಾಗಿ ಅಳಿಸಿಹೋಗಿತ್ತು. ಅಜ್ಜಿ ಒಂದು ಕೈಯಲ್ಲಿ ಕುರ್ಚಿ ಎತ್ತಿಕೊಂಡು ಹೊರಡುವಾಗ ತುಳುವಿನಲ್ಲಿ ಹೇಳಿದರು, "ಮಾಷ್ಟ್ರೇ, ಸಣ್ಣ ಮೊಮ್ಮಗಳಿಗೂ ಈಗ ಎಂಟು ತಿಂಗಳು. ಮುಂದಿನ ತಿಂಗಳು ಪುನಃ ಬರ್ತೇನೆ. ಅವಳಿಗೆ ಮೊದಲು ಎರಡು ಹೋಯಿತು, ಇದಾದರೂ ಈ ತೊಟ್ಟಿಲಿಗೆ ಬರಲಿ."

ಬೇರೆ ದಿನವಾಗಿದ್ದರೆ ನಾನು ಕೂಸು ಹುಟ್ಟುವ ಮೊದಲೇ ಕುಲಾವಿಯಾ ಎಂದು ತಮಾಷೆ ಮಾಡುತ್ತಿದ್ದೆ. ಅಂದು ಮಾಷ್ಟ್ರು "ಆಯ್ತಮ್ಮಾ" ಎಂದು ಹೇಳಲು ಬಾಯಿ ತೆರೆದು, ಹೇಳಲಾಗದೆ ತಲೆ ಮಾತ್ರ ಆಡಿಸಿದರು. ಅದನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಈ ಊರಿಗೆ ಕಂಪ್ಯೂಟರ್ ಹೊತ್ತು ತಂದವಳು ನಾನೇ ತಾನೆ.

ಅಧಿಕಾರಿ ಬಂದದ್ದು ಒಂದು ಬುಧವಾರ. ಸಭ್ಯ ಮನುಷ್ಯ, ಬಂದವರೇ ಚಪ್ಪಲಿ ಹೊರಗೆ ಬಿಟ್ಟರು. ನಾನು ಆ ಕಾಗದದ ಜತೆ ಬಂದಿದ್ದ ತಿದ್ದುಪಡಿ ಫಾರಂ ಮೂರು ಪ್ರತಿ ತುಂಬಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ: ನಲವತ್ತೊಂದು ಕುರ್ಚಿ ಅಲ್ಲ, ತೊಟ್ಟಿಲು. ನನ್ನ ದಡ್ಡತನಕ್ಕೆ ಕ್ಷಮೆಯನ್ನೂ ಬರೆದಿದ್ದೆ. ನಲವತ್ತರವರೆಗೆ ಎಲ್ಲ ಸುಸೂತ್ರ. ನಲವತ್ತೊಂದರ ಎದುರು ಅವರು ನಿಂತರು.

"ಏನಮ್ಮಾ ಇದು?"

"ತೊಟ್ಟಿಲು ಸಾರ್."

"ತೊಟ್ಟಿಲು ಅಂತ ನನಗೂ ಕಾಣ್ಸುತ್ತೆ. ಕುರ್ಚಿ ಎಲ್ಲಿ?"

ನನ್ನ ಮಾತೇ ನನಗೆ ತಿರುಗಿ ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗಿಳಿಯ ಮೇಲೆ ಬೆರಳಾಡಿಸಿ, "ಎಂಥಾ ಕೆಲಸ, ಎಂಥಾ ಕೆಲಸ" ಎಂದು ತೊಟ್ಟಿಲನ್ನು ಮೆಲ್ಲಗೆ ತೂಗಿದರು. ಮಾಷ್ಟ್ರು ಓಡಿಬಂದು ಎರಡೂ ಕೈಯಲ್ಲಿ ಸರಪಳಿ ಹಿಡಿದರು.

"ಖಾಲಿ ತೊಟ್ಟಿಲು ತೂಗಬಾರದು ಸಾರ್!"

"ಕ್ಷಮಿಸಿ," ಎಂದರು ಅಧಿಕಾರಿ, ನಿಜವಾಗಿಯೂ ಹೆದರಿ. ಆಮೇಲೆ ಪಟ್ಟಿಗೆ ಮರಳಿದರು. "ನೋಡಮ್ಮ, ಅದು ಪ್ಲಾಸ್ಟಿಕ್ ಕುರ್ಚಿ ಅಂತ ನಂಗೂ ಗೊತ್ತು. ನಮ್ಮನೇಲೂ ನಾಲ್ಕಿದೆ. ಆದ್ರೆ ಪಟ್ಟಿಯಲ್ಲಿರೋದು ಇಲ್ಲಿದೆಯಾ ಅಂತ ನೋಡೋದಷ್ಟೇ ನನ್ನ ಕೆಲಸ. ತಿದ್ದುಪಡಿ ಏನಿದ್ರೂ ಆಮೇಲೆ. ಈಗ ಇಲ್ಲ ಅಂದ್ರೆ ಕಳವು ಅಂತ ಬರೀಬೇಕು. ಕಳವು ಅಂದ್ರೆ ಪೊಲೀಸ್ ದೂರು. ದೂರಿನಲ್ಲಿ ಇವರ ಹೆಸರು. ಸಂಜೆ ನಾಲ್ಕಕ್ಕೆ ನನ್ನ ಬಸ್ಸು. ಅಷ್ಟರೊಳಗೆ ಕುರ್ಚಿ ತನ್ನಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಇರುತ್ತಾರೆ ಎಂದು ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದು. ಕುಕ್ಕರ್, ಸೂಟ್‌ಕೇಸು ಹೇಗೂ ಅಲ್ಲೇ ಇದ್ದವು. ನಾನು ಶಿರ್ತಾಡಿಯ ಬಸ್ಸು ಹತ್ತಿದೆ.

ಅಜ್ಜಿ ಅಂಗಳದಲ್ಲಿ ಅದೇ ಕುರ್ಚಿಯ ಮೇಲೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು.

"ಅಜ್ಜೀ, ಸ್ವಲ್ಪ ಏಳಿ. ಕುರ್ಚಿ ಬೇಕು."

"ಯಾರಿಗೆ?"

"ಸರಕಾರಕ್ಕೆ."

"ಅಯ್ಯೋ ದೇವರೇ! ಕುರ್ಚಿಗೆ ಬಡಿದಾಡ್ತಾರೆ ಅಂತ ಪೇಪರಿನಲ್ಲಿ ಬರುದು ಇದಕ್ಕೇಯಾ?" ಏಳಲಿಲ್ಲ. "ಇದರಲ್ಲಿ ಕೂತರೆ ಮಾತ್ರ ನನ್ನ ಸೊಂಟಕ್ಕೆ ಸರಿ ಆಗುದು ಮಾರಾಯ್ತಿ."

"ಮಾಷ್ಟ್ರ ಮೇಲೆ ಕಳ್ಳತನದ ಕೇಸು ಆಗ್ತದೆ ಅಜ್ಜಿ."

ಅಜ್ಜಿ ತಟ್ಟನೆ ಎದ್ದರು. ಮಡಿಲಿನ ಬೀಜ ಅಂಗಳವಿಡೀ ಚೆಲ್ಲಿತು. ಸೆರಗಿನಿಂದ ಕುರ್ಚಿಯನ್ನು ಒರಸಿ ನನ್ನ ಕೈಗೆ ಕೊಟ್ಟು, "ಮಾಷ್ಟ್ರಿಗೆ ಎಂತದೂ ಆಗಬಾರದು. ಆದರೆ ನನ್ನ ಕುರ್ಚಿ ನನಗೆ ಹಿಂದೆ ಬರಬೇಕು, ನೀನೇ ತಂದುಕೊಡ್ಬೇಕು" ಎಂದರು. ನಾನು ಹೂಂ ಎಂದುಬಿಟ್ಟೆ. ನಾನೂ ಮಾತು ಕೊಟ್ಟ ಹಾಗಾಯಿತು.

ಬಸ್ಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಕುರ್ಚಿಯನ್ನು ನಡುವಿನ ದಾರಿಯಲ್ಲಿ ಇಟ್ಟು ಅದರ ಮೇಲೆಯೇ ಕೂತೆ. ಕಂಡಕ್ಟರ್ ನೋಡಿ, "ಸೀಟು ಮನೆಯಿಂದಲೇ ತಂದದ್ದಾ ಅಕ್ಕ? ಒಳ್ಳೇದಾಯ್ತು, ಎಲ್ಲರೂ ಹೀಗೇ ಮಾಡಿದರೆ ನಮಗೆ ಪಿರಿಪಿರಿ ಇಲ್ಲ" ಎಂದ. ಇಡೀ ಬಸ್ಸು ನಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟಿದ್ದರೂ ನನಗೂ ನಗು ಬಂತು.

ನಾಲ್ಕಕ್ಕೆ ಇಪ್ಪತ್ತು ನಿಮಿಷ ಇರುವಾಗ ಅಧಿಕಾರಿ ಕುರ್ಚಿಯನ್ನು ತಿರುಗಿಸಿ ನೋಡಿ, ನನ್ನ ಫೋಟೋದ ಜತೆ ಹೋಲಿಸಿ, ಹಿಂದಿನ ಎಡಗಾಲಿನಲ್ಲಿ ಸಣ್ಣ ಬಿರುಕು ಇದೆ ಎಂದು ಬರೆದುಕೊಂಡರು. ಹಿತ್ತಾಳೆಯ ಬಿಲ್ಲೆಯನ್ನು ತಂತಿಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಆಮೇಲೆ ತೊಟ್ಟಿಲಿನ ಕಡೆ ಕೈ ತೋರಿಸಿದರು.

"ಇದು ನಮ್ಮ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಮುದ್ರೆ ಬಿದ್ದ ವಸ್ತುಗಳ ಜತೆ ಇಡೋ ಹಾಗಿಲ್ಲ. ಸೇರಿಸೋದಾದ್ರೆ ತಿದ್ದುಪಡಿ ಕೊಡಿ, ಇದಕ್ಕೂ ಮುದ್ರೆ ಹಾಕಿ ಹೋಗ್ತೀನಿ. ಇಲ್ಲಾಂದ್ರೆ ಇದನ್ನ ಇಲ್ಲಿಂದ ತೆಗೀರಿ."

ಫಾರಂ ನನ್ನ ಚೀಲದಲ್ಲಿತ್ತು. ಕೈ ಹಾಕಿ ತೆಗೆದೂ ಆಗಿತ್ತು. ಕೊಟ್ಟರೆ ನನ್ನ ತಪ್ಪು ಅಳಿದು ಮರ್ಯಾದೆ ಉಳಿಯುತ್ತಿತ್ತು. ತೊಟ್ಟಿಲು ಸಹ ಸರಿಯಾದ ಹೆಸರಿನಲ್ಲಿ, ಒಳ್ಳೆಯ ಫೋಟೋ ಸಮೇತ, ಶಾಶ್ವತವಾಗಿ ದಾಖಲೆಯಾಗುತ್ತಿತ್ತು. ಮತ್ತೆ ಹೊಸಿಲು ದಾಟುತ್ತಿರಲಿಲ್ಲ. ಮಾಷ್ಟ್ರು ಪುನಃ ಹೋಗಿ ಸರಪಳಿ ಹಿಡಿದುಕೊಂಡಿದ್ದರು. ನನ್ನನ್ನೇ ನೋಡುತ್ತಿದ್ದರು.

ನಾನು ಫಾರಂನಿಂದ ಗಾಳಿ ಹಾಕಿಕೊಂಡೆ. "ಸೆಕೆ ಸಾರ್," ಎಂದೆ. "ತಿದ್ದುಪಡಿ ಎಂತದೂ ಇಲ್ಲ. ಪಟ್ಟಿ ಸರಿ ಉಂಟು."

"ನಾಳೆಯೇ ತೆಗೀತೇವೆ ಸಾರ್," ಎಂದರು ಮಾಷ್ಟ್ರು.

ಅಧಿಕಾರಿ ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಮ್ಮೆ ಒಳಗೆ ನೋಡಿ, "ಒಳ್ಳೆ ತೊಟ್ಟಿಲು ಕಣ್ರೀ" ಎಂದರು. ಅವರಿಗೆ ಎಲ್ಲ ಗೊತ್ತಾಗಿತ್ತೋ ಏನೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಮರುದಿನ ತೊಟ್ಟಿಲು ಶಿರ್ತಾಡಿಗೆ ಹೋಯಿತು. ಮುಂದಿನ ತಿಂಗಳು ಅದರಲ್ಲಿ ಹೆಣ್ಣು ಮಗು ಮಲಗಿತು, ಚೆನ್ನಾಗಿಯೂ ಉಳಿಯಿತು. ಕುರ್ಚಿ ಮಾತ್ರ ಗಾಜಿನ ಪೆಟ್ಟಿಗೆಯೊಳಗೆ ಸೇರಿತು. ನೋಡಲು ಬಂದ ಶಾಲೆಯ ಮಕ್ಕಳು ಕೇಳಿದರೆ ಮಾಷ್ಟ್ರು ಗಂಭೀರವಾಗಿ, "ವಸಾಹತು ಕಾಲದ್ದು, ಮುಟ್ಟಬೇಡಿ" ಎನ್ನುತ್ತಿದ್ದರು.

ಆಮೇಲೆ ನಾವಿಬ್ಬರೂ ಕೆಟ್ಟೆವು. ಉಳಿದ ವಸ್ತುಗಳನ್ನು ದಾಖಲಿಸುವುದಕ್ಕೆ ನಾವು ಮದುವೆಯ ಸೀಸನ್ನಿಗೆ ಕಾಯುತ್ತಿದ್ದೆವು. ಯಾವುದಾದರೂ ಮನೆಯವರು ಬಂದು ಒಂದು ಕಂಚಿನ ಗಿಂಡಿ ಒಯ್ದರೆ ಸಾಕು, ಮಾಷ್ಟ್ರು "ಮಗಾ, ಬೇಗ, ಬೇಗ!" ಎಂದು ಬೊಬ್ಬೆ ಹೊಡೆಯುತ್ತಿದ್ದರು. ನಾನು ಕ್ಯಾಮೆರಾ ಹಿಡಿದು ಓಡುತ್ತಿದ್ದೆ. ವರ್ಷ ಮುಗಿಯುವಾಗ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ, ಒಂದು ಜತೆ ಗಮ್‌ಬೂಟು, ಅಡಿಕೆಗೆ ಮದ್ದು ಬಿಡುವ ಪಂಪು, ಎಲ್ಲ ನಾಲ್ಕು ದಿಕ್ಕಿನ ಫೋಟೋ ಸಮೇತ ದಾಖಲೆಯಾಗಿದ್ದವು. ಸಂಗ್ರಹದ ವೈವಿಧ್ಯವನ್ನು ಮೆಚ್ಚಿ ಬೆಂಗಳೂರಿನಿಂದ ಪತ್ರ ಬಂತು. ಮಾಷ್ಟ್ರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು. ಅಜ್ಜಿ ಮಾತ್ರ ಎಲ್ಲಿ ಕಂಡರೂ, ಬಸ್‌ಸ್ಟ್ಯಾಂಡಿನಲ್ಲಿ ಸಹ, ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: "ನನ್ನ ಕುರ್ಚಿ?"

ನನ್ನ ಕೆಲಸ ಮುಗಿದು, ಮದುವೆಯಾಗಿ, ಮೂರು ವರ್ಷದ ಮೇಲೆ ಮಾಷ್ಟ್ರು ತೀರಿಕೊಂಡರು. ನೋಡಿಕೊಳ್ಳುವವರು ಇಲ್ಲದ್ದರಿಂದ ದಾಖಲೆಯಾದ ವಸ್ತುಗಳನ್ನೆಲ್ಲ ಬೆಂಗಳೂರಿಗೆ ಸಾಗಿಸಬೇಕೆಂದು ಆದೇಶ ಬಂತು. ಲಾರಿ ಬಂದ ದಿನ ನಾನು ತುಂಬು ಹೊಟ್ಟೆ ಹೊತ್ತುಕೊಂಡು ಹೋಗಿದ್ದೆ. ನಾಲ್ಕು ಜನ ಕುಕ್ಕರನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹತ್ತಿ ತುಂಬಿಸಿದ ಪೆಟ್ಟಿಗೆಯಲ್ಲಿ ಮಲಗಿಸಿದರು. ಕುರ್ಚಿಗೆ ಬೇರೆಯೇ ಪೆಟ್ಟಿಗೆ ಮಾಡಿಸಿ ತಂದಿದ್ದರು. ಮೊದಲು ತಪ್ಪದೆ ದಾಖಲಿಸಿದ್ದ ಆ ನಲವತ್ತು ಚಂದದ ವಸ್ತುಗಳೂ ಹೋದವು. ಅದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ತೂಗುದೀಪ ಮುಂಡಾಜೆಯಲ್ಲಿತ್ತು, ಪೆಟ್ಟಿಗೆ ಪಾಣೆಮಂಗಳೂರಿನಲ್ಲಿತ್ತು, ತೊಟ್ಟಿಲು ಶಿರ್ತಾಡಿಯಲ್ಲಿತ್ತು. ಲಾರಿ ಹೋದ ಮೇಲೆ ಖಾಲಿ ಗೋದಾಮಿನ ಬಾಗಿಲಿನಲ್ಲಿ ನಿಂತು ಜೋರಾಗಿ ಅತ್ತೆ. ಇದನ್ನು ಕಂಡು ಹೊಟ್ಟೆ ಹಿಡಿದು ನಗಬೇಕಾದವರು ಮಾಷ್ಟ್ರು, ಅವರೇ ಇರಲಿಲ್ಲ.

ಮಗಳು ಹುಟ್ಟಿದ ಹತ್ತನೇ ದಿನ ಅಜ್ಜಿ ಫೋನು ಮಾಡಿಸಿದರು. "ನನ್ನ ಕುರ್ಚಿ ತಂದುಕೊಟ್ಟರೆ ತೊಟ್ಟಿಲು ಕೊಂಡುಹೋಗಬಹುದು ಅಂತ ಹೇಳು," ಎಂದು ಹಿಂದಿನಿಂದ ಅವರ ಸ್ವರ ಕೇಳುತ್ತಿತ್ತು. ನನ್ನ ಗಂಡ ಮೂಡುಬಿದಿರೆಯಲ್ಲಿ ಹೊಸ ಕೆಂಪು ಕುರ್ಚಿ ತೆಗೆದುಕೊಂಡು ಶಿರ್ತಾಡಿಗೆ ಹೋದರು. ಅಜ್ಜಿ ಅದನ್ನು ತೊಟ್ಟಿಲಿದ್ದ ಜಾಗದಲ್ಲಿ ಇಡಿಸಿ, ಕೂತು ನೋಡಿ, "ಅದರಷ್ಟು ಸರಿ ಇಲ್ಲ, ಅಡ್ಡಿಯಿಲ್ಲ" ಎಂದರಂತೆ.

ಕೆಲವು ವಾರ ಕಳೆದು ಬೆಂಗಳೂರಿನಿಂದ ಒಬ್ಬಳು ಹುಡುಗಿ ಫೋನು ಮಾಡಿದಳು. ನನ್ನ ಹಾಗೆಯೇ ದಾಖಲೆಯ ಕೆಲಸಕ್ಕೆ ಸೇರಿದವಳು. ಹಳೆ ಕಡತದಲ್ಲಿ ನನ್ನ ನಂಬರು ಸಿಕ್ಕಿತಂತೆ.

"ಮೇಡಂ, ನಲವತ್ತೊಂದನೇ ನಂಬರಿನ ಗೋಡೆಚೀಟಿಯಲ್ಲಿ ತೊಟ್ಟಿಲು ಅಂತ ಬರೆದಿದೆ. ಫೋಟೋದಲ್ಲಿ ಕುರ್ಚಿ ಇದೆ. ತೊಟ್ಟಿಲು ಅಂತ ನಿಜವಾಗ್ಲೂ ಒಂದಿತ್ತಾ? ಅದರ ಸ್ಥಿತಿ ಏನು ಅಂತ ನಾನು ತುಂಬಿಸ್ಬೇಕು."

ನಾನು ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ತೊಟ್ಟಿಲಿನ ಹಗ್ಗ ಎಳೆಯುತ್ತಿದ್ದೆ. ಸರಪಳಿ ಕಿರ್ ಕಿರ್ ಎನ್ನುತ್ತಿತ್ತು. ಮಗಳು ಗಿಳಿಯ ಕೊಕ್ಕನ್ನು ನೋಡುತ್ತಾ ಇನ್ನೇನು ಕಣ್ಣು ಮುಚ್ಚುವುದರಲ್ಲಿದ್ದಳು.

"ಹೋಗಿದೆ, ಬರ್ತದೆ ಅಂತ ಬರೀರಿ," ಎಂದೆ.

ಅವಳು ಸ್ವಲ್ಪ ಹೊತ್ತು ಹುಡುಕಿದಳು. "ಆ ಆಯ್ಕೆ ಇಲ್ಲ ಮೇಡಂ."

"ಗೊತ್ತುಂಟು," ಎಂದೆ. "ನಿಮ್ಮಿಂದ ಆದರೆ ಸೇರಿಸಿ."